ಮಳೆ ಪುಸ್ತಕದ ಒಂದು ಗೀಟು

ಕಲಬುರ್ಗಿ, ಬೀದರ, ರಾಯಚೂರು ಕಡೆಯಿಂದ ಬಸ್ಸಿನಲ್ಲಿ ಹೈದರಾಬಾದಿಗೆ ಹೋಗಿ ಬಂದವರಿಗೆಲ್ಲ ಇಮ್ಲಿಬನ್ ಗೊತ್ತು. ಸರ್ಕಾರಿ ಹೆಸರು ಮಹಾತ್ಮಾ ಗಾಂಧಿ ಬಸ್ ನಿಲ್ದಾಣ ಎಂದಿದ್ದರೂ ನಮ್ಮ ಕಡೆಯ ಹೆಂಗಸರ ಬಾಯಲ್ಲಿ ಅದು ಇಮ್ಲಿಬನ್ನೇ. ಇಮ್ಲಿ ಎಂದರೆ ಹುಣಸೆ. ಹುಣಸೆಯ ತೋಪು ಎಂದು ಅರ್ಥ. ಚೀಲ, ಮಕ್ಕಳು, ಉಪ್ಪಿನಕಾಯಿ ಭರಣಿ ಎಲ್ಲವನ್ನೂ ಎಣಿಸಿಕೊಂಡು ಇಳಿದು ಆಟೋದವನ ಜೊತೆ ಚೌಕಾಸಿಗೆ ನಿಲ್ಲುವ ಗಡಿಬಿಡಿಯಲ್ಲಿ, ತಾವು ನಿಂತಿರುವುದು ಮೂಸಿ ನದಿಯ ಪಾತ್ರದಲ್ಲಿ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ನನಗೂ ಎಷ್ಟೋ ವರ್ಷ ಬಂದಿರಲಿಲ್ಲ. 2025ರ ಸೆಪ್ಟೆಂಬರ್ ಕೊನೆಯ ವಾರ ಮೇಲಿನ ಎರಡು ಜಲಾಶಯಗಳ ಬಾಗಿಲು ತೆಗೆದಾಗ ನದಿ ನೇರವಾಗಿ ನಿಲ್ದಾಣದೊಳಕ್ಕೆ ಬಂತು. ಬಸ್ಸುಗಳ ಗಾಲಿ ಮುಳುಗಿ ನಿಂತದ್ದನ್ನೂ, ಪ್ರಯಾಣಿಕರನ್ನು ಕೈಹಿಡಿದು ದಾಟಿಸಿದ್ದನ್ನೂ ಟೀವಿಯಲ್ಲಿ ನೋಡುತ್ತ ಕುಳಿತಿದ್ದೆ. ಆಗಲೇ ಹೈದರಾಬಾದಿನಿಂದ ತಂಗಿಯ ಫೋನು ಬಂತು.

"ಅಕ್ಕಾ, ಟೀವಿ ನೋಡಿದಿ ಏನು? ಇಮ್ಲಿಬನ್ನಾಗ ನೀರು ಹೊಕ್ಕಾದ. ನಿನ್ನ ನೂರು ವರ್ಷ ಐದೇ ವರ್ಷಕ್ಕ ಮುಗೀತೇನು?"

ಅವಳು ನಗುತ್ತಲೇ ಕೇಳಿದ್ದು. ಆದರೆ ಆ 'ನಿನ್ನ' ಎಂಬ ಮಾತು ನನಗೆ ಚುಚ್ಚಿತು. ಚುಚ್ಚಬೇಕಾದದ್ದೇ. ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳಿದವಳು ನಾನು. ನೂರು ವರ್ಷಕ್ಕೊಮ್ಮೆ ಎಂಬ ಮಾತಿನ ಅರ್ಥ ಏನೆಂದು ಹೇಳಬೇಕಾದ ಒಂದು ದಿನ, ಒಂದೇ ಒಂದು ದಿನ, ನಾನು ಚಹಾ ಕುಡಿಯುತ್ತ ಸುಮ್ಮನಿದ್ದೆ. ಆ ಕತೆ ಆಮೇಲೆ ಹೇಳುತ್ತೇನೆ. ಮೊದಲು ಮೂಸಿಯ ಕತೆ.

ನಮ್ಮ ಅಜ್ಜಿಯ ತವರು ಹೈದರಾಬಾದಿನ ಹಳೇ ಶಹರ. ನಿಜಾಮರ ಕಾಲದಲ್ಲಿ ಕಲಬುರ್ಗಿಯೂ ಅದೇ ರಾಜ್ಯದ್ದು, ಹೀಗಾಗಿ ಕನ್ನಡದ ಮನೆಗಳು ಅಲ್ಲಿ ಸಾಕಷ್ಟಿದ್ದವು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿದಾಗ ಅಜ್ಜಿಗೆ ಎಂಟು ವರ್ಷ. ಅವರು ಅದನ್ನು ಪ್ರವಾಹ ಎನ್ನುತ್ತಿರಲಿಲ್ಲ, ಮಹಾಪೂರ ಎಂದೂ ಅಲ್ಲ. ಉರ್ದುವಿನಲ್ಲಿ 'ತುಗಿಯಾನಿ' ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಹುಟ್ಟು ಸಾವುಗಳ ಲೆಕ್ಕವೂ ಅದರಿಂದಲೇ. ಇಂಥವರು ತುಗಿಯಾನಿಗೆ ಮೊದಲೇ ಹುಟ್ಟಿದವರು, ಇಂಥವರ ಮದುವೆ ತುಗಿಯಾನಿ ಆಗಿ ನಾಲ್ಕು ವರ್ಷಕ್ಕೆ, ಹೀಗೆ. ಅಜ್ಜಿಗೆ ನೆನಪಿದ್ದದ್ದು ಮೂರೇ ಸಂಗತಿ: ರಾತ್ರಿಯೆಲ್ಲ ನಿಲ್ಲದ ಮಳೆಯ ಸದ್ದು, ಬೆಳಿಗ್ಗೆ ತೇಲಿ ಹೋಗುತ್ತಿದ್ದ ತೊಟ್ಟಿಲು, ಮತ್ತು ತನ್ನ ತಾಯಿ ಮಾಳಿಗೆಯ ಮೇಲೆ ಕುಳಿತು ಹಸಿ ಅಕ್ಕಿಯನ್ನೇ ಮಕ್ಕಳ ಬಾಯಿಗೆ ಹಾಕಿದ್ದು. ತೊಟ್ಟಿಲಲ್ಲಿ ಮಗು ಇತ್ತೋ ಇಲ್ಲವೋ ಎಂದು ನಾವು ಕೇಳಿದರೆ ಉತ್ತರ ಹೇಳುತ್ತಿರಲಿಲ್ಲ.

ಆ ಪೂರದಲ್ಲಿ ಸುಮಾರು 15,000 ಜನ ಸತ್ತರೆಂದು ಹೇಳುತ್ತಾರೆ. ಹತ್ತೊಂಬತ್ತು ಸಾವಿರ ಮನೆ ಬಿದ್ದವು. ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋದವು. ಕುತುಬ್ ಶಾಹಿಗಳು 1578ರಲ್ಲಿ ಕಟ್ಟಿಸಿದ್ದ ಪುರಾನಾಪುಲ್ ಮಾತ್ರ ನಿಂತಿತು. ಉರ್ದು ಕವಿ ಅಮ್ಜದ್ ಹೈದರಾಬಾದಿಯವರು ತಾಯಿ, ಹೆಂಡತಿ, ಮಗಳು ಮೂವರನ್ನೂ ಆ ನೀರಿಗೆ ಕೊಟ್ಟು ತಾವೊಬ್ಬರೇ ಉಳಿದರು. ಅಫ್ಜಲ್‌ಗಂಜಿನ ಆಸ್ಪತ್ರೆಯ ಆವರಣದಲ್ಲಿ ಒಂದು ದೊಡ್ಡ ಹುಣಸೆಮರವಿತ್ತು. ಅದನ್ನು ಹತ್ತಿ ಕುಳಿತ 150 ಜನ ಬದುಕಿಕೊಂಡರು. ಆ ಮರ ಇಂದಿಗೂ ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿದೆ. ನಾನು ಹೋಗಿ ನೋಡಿ ಬಂದಿದ್ದೇನೆ. ಆಗಿನ ನಿಜಾಮ ಮಹಬೂಬ್ ಅಲಿ ಖಾನರು ಅರಮನೆಯ ಬಾಗಿಲು ತೆರೆದು ನಿರಾಶ್ರಿತರಿಗೆ ಅನ್ನ ಹಾಕಿಸಿದರು. ಅವರು ಪುರಾನಾಪುಲ್ ಹತ್ತಿರ ನದಿಯ ಬಳಿ ನಿಂತು ತಟ್ಟೆಯಲ್ಲಿ ರೇಷ್ಮೆ ಸೀರೆ, ಬಳೆ, ಕುಂಕುಮ ಇಟ್ಟು ಬಾಗಿನ ಕೊಟ್ಟರೆಂಬ ಕತೆಯನ್ನು ಅಜ್ಜಿ ಪ್ರತಿ ಮಳೆಗಾಲದಲ್ಲೂ ಹೇಳುತ್ತಿದ್ದರು. ಹೈದರಾಬಾದಿನಲ್ಲಿ ಇವತ್ತಿಗೂ ಆ ಕತೆ ಹೇಳುವವರಿದ್ದಾರೆ.

ಮರು ವರ್ಷ, 1909ರಲ್ಲಿ, ನಿಜಾಮ ಸರ್ಕಾರ ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರು ಮುಂಬಯಿ ಸರ್ಕಾರದ ಕೆಲಸ ಬಿಟ್ಟು ಪರದೇಶ ಸುತ್ತುತ್ತಿದ್ದ ಕಾಲ ಅದು. ಮೈಸೂರಿನ ಚೀಫ್ ಇಂಜಿನಿಯರ್ ಆದದ್ದು ಈ ಕೆಲಸ ಮುಗಿಸಿದ ಮೇಲೆ. ಬಂದವರು ಮೊದಲು ಕೇಳಿದ್ದು ಮಳೆಯ ಲೆಕ್ಕ. ನಗರದ ಮೇಲ್ಭಾಗದಲ್ಲಿ ಮೂಸಿಗೆ ನೀರು ಹರಿದು ಬರುವ ಪ್ರದೇಶ ಸುಮಾರು 860 ಚದರ ಮೈಲಿ. ಅದರಲ್ಲಿ 788 ಕೆರೆಗಳಿದ್ದವು, ಅಂದರೆ ಹೆಚ್ಚುಕಡಿಮೆ ಮೈಲಿಗೊಂದು ಕೆರೆ. ಅವುಗಳಲ್ಲಿ 221 ಕೆರೆಗಳ ಏರಿ ಒಡೆದಿತ್ತು. ಮೇಲಿನ ಕೆರೆ ಒಡೆದು ಕೆಳಗಿನದರ ಮೇಲೆ, ಅದು ಒಡೆದು ಅದರ ಕೆಳಗಿನದರ ಮೇಲೆ. ಶಂಶಾಬಾದಿನ ಮಳೆಮಾಪಕದಲ್ಲಿ 24 ಗಂಟೆಯಲ್ಲಿ 12.8 ಇಂಚು, 48 ಗಂಟೆಯಲ್ಲಿ 18.9 ಇಂಚು ಮಳೆ ದಾಖಲಾಗಿತ್ತು. ಈಗಿನ ಲೆಕ್ಕದಲ್ಲಿ 325 ಮತ್ತು 480 ಮಿಲಿಮೀಟರು. ಹೈದರಾಬಾದಿಗೆ ಇಡೀ ವರ್ಷದಲ್ಲಿ ಬೀಳುವುದೇ ಸರಿಸುಮಾರು 800 ಮಿಲಿಮೀಟರು ಎಂದರೆ ನೀವೇ ಊಹಿಸಿಕೊಳ್ಳಿ. ನದಿಯಲ್ಲಿ ಹರಿದದ್ದು ಸುಮಾರು 4,25,000 ಕ್ಯೂಸೆಕ್ಸ್ ಎಂದು ಅವರು ಲೆಕ್ಕ ಹಾಕಿದರು.

ನಗರಕ್ಕೆ ಗೋಡೆ ಕಟ್ಟಿದರೆ ಸಾಲದು, ನೀರನ್ನು ಮೇಲೆಯೇ ತಡೆದು ನಿಧಾನವಾಗಿ ಬಿಡಬೇಕು ಎಂಬುದು ಅವರ ಸಲಹೆ. ಅದರಂತೆ ಮೂಸಿಗೆ ಅಡ್ಡವಾಗಿ ಉಸ್ಮಾನ್ ಸಾಗರ 1920ರಲ್ಲಿ, ಈಸಿ ಎಂಬ ಉಪನದಿಗೆ ಅಡ್ಡವಾಗಿ ಹಿಮಾಯತ್ ಸಾಗರ 1927ರಲ್ಲಿ ಆದವು. ಉಸ್ಮಾನ್ ಸಾಗರಕ್ಕೆ ಜನ ಗಂಡಿಪೇಟೆ ಎನ್ನುತ್ತಾರೆ. ಗಂಡಿಪೇಟೆಯ ನೀರು ಕುಡಿದವರು ಹೈದರಾಬಾದು ಬಿಟ್ಟು ಹೋಗುವುದಿಲ್ಲ ಎಂಬ ಮಾತಿದೆ. ನನ್ನ ತಂಗಿಯನ್ನು ನೋಡಿದರೆ ನಿಜವೆನಿಸುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮುಂದಿನ ಪೂರ ಎಷ್ಟು ದೊಡ್ಡದಿರಬಹುದು? ಹಿಂದೆ ಬಂದದ್ದಕ್ಕಿಂತ ದೊಡ್ಡದು ಬಂದರೆ? ವಿಶ್ವೇಶ್ವರಯ್ಯನವರ ಕಾಲದ ಇಂಜಿನಿಯರುಗಳು ಗೊತ್ತಿದ್ದ ಅತಿ ದೊಡ್ಡ ಪೂರವನ್ನು ಹಿಡಿದು, ಅದರ ಮೇಲೆ ಅನುಭವದಿಂದ ಒಂದಿಷ್ಟು ಸೇರಿಸಿ ಕಟ್ಟುತ್ತಿದ್ದರು. ಮದುವೆಗೆ ಅಕ್ಕಿ ಅಳೆಯುವ ಹಿರಿಯ ಹೆಂಗಸಿನ ಹಾಗೆ. ಎಷ್ಟೋ ಸಲ ಸರಿಯಾಗಿಯೇ ಇರುತ್ತಿತ್ತು. ಆದರೆ ಇಷ್ಟು ದೊಡ್ಡ ಮಳೆ ಎಷ್ಟು ವರ್ಷಕ್ಕೊಮ್ಮೆ ಬಂದೀತು ಎಂದು ಹೇಳುವ ಗಣಿತ ಆಗ ಇನ್ನೂ ಬೆಳೆದಿರಲಿಲ್ಲ.

ಆ ಗಣಿತ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಅದರ ಒಂದು ಬೇರು ಇರುವುದು ಹತ್ತಿ ನೂಲಿನಲ್ಲಿ! ಇಂಗ್ಲೆಂಡಿನ ಹತ್ತಿ ಉದ್ಯಮದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಟಿಪೆಟ್ ಎಂಬವರಿಗೆ ನೂಲು ಏಕೆ ಕಡಿಯುತ್ತದೆ ಎಂಬುದು ಸಮಸ್ಯೆ. ಹೊಲಿಗೆ ಮಾಡುವ ನಮಗೆಲ್ಲ ಗೊತ್ತಿರುವ ಹಾಗೆ ದಾರ ಕಡಿಯುವುದು ಅದರ ಸರಾಸರಿ ಗಟ್ಟಿತನ ನೋಡಿ ಅಲ್ಲ, ಅತಿ ದುರ್ಬಲವಾದ ಒಂದು ಕಡೆ ನೋಡಿ. ಹಾಗಾದರೆ ಸರಾಸರಿಯ ಗಣಿತ ಬೇರೆ, ಅತಿಯ ಗಣಿತ ಬೇರೆ. 1928ರಲ್ಲಿ ಫಿಶರ್ ಮತ್ತು ಟಿಪೆಟ್ ಇಬ್ಬರೂ ಸೇರಿ ಈ ಅತಿಗಳೂ ಒಂದು ನಿಯಮಕ್ಕೆ ಒಳಪಟ್ಟೇ ನಡೆಯುತ್ತವೆ ಎಂದು ತೋರಿಸಿದರು.

ಅದನ್ನು ನದಿಗಳ ಬಳಿಗೆ ತಂದವರಲ್ಲಿ ಮುಖ್ಯರಾದವರು ಎಮಿಲ್ ಗುಂಬೆಲ್. 1891ರಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ಹುಟ್ಟಿದ ಯೆಹೂದಿ. ನನ್ನ ವಿದ್ಯಾರ್ಥಿನಿಯರಿಗೆ ಗುಂಬೆಲ್ ಎಂದರೆ ಪರೀಕ್ಷೆಯಲ್ಲಿ ಬರೆಯಬೇಕಾದ ಒಂದು ಸೂತ್ರ, ಅಷ್ಟೆ. ನನಗೂ ಬಹಳ ವರ್ಷ ಅಷ್ಟೇ ಆಗಿತ್ತು. ಆ ಮನುಷ್ಯ ಮೊದಲು ಎಣಿಸಿದ್ದು ಮಳೆಯನ್ನಲ್ಲ, ಕೊಲೆಗಳನ್ನು. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ರಾಜಕೀಯ ಕೊಲೆಗಳು ಸಾಲಾಗಿ ನಡೆದಾಗ, ನಾಲ್ಕು ವರ್ಷಗಳ ಕೊಲೆಗಳನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿ 1922ರಲ್ಲಿ ಪುಸ್ತಕ ಪ್ರಕಟಿಸಿದರು. ಬಲಪಂಥೀಯರು ಮಾಡಿದ ಕೊಲೆ 354, ಎಡಪಂಥೀಯರದು 22; ಮೊದಲಿನವರಲ್ಲಿ ಬಹುಪಾಲು ಜನಕ್ಕೆ ಶಿಕ್ಷೆಯೇ ಆಗಿಲ್ಲ, ಎರಡನೆಯವರಿಗೆ ಕಠಿಣ ಶಿಕ್ಷೆ. ಬರಿಯ ಎಣಿಕೆ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಿಂದ 1932ರಲ್ಲಿ ಅವರನ್ನು ಹೊರಹಾಕಿದರು, ಮರು ವರ್ಷ ನಾತ್ಸಿಗಳು ಅವರ ಪುಸ್ತಕ ಸುಟ್ಟರು, ಪೌರತ್ವ ಕಿತ್ತುಕೊಂಡರು. ಅವರು ಫ್ರಾನ್ಸಿನಲ್ಲಿ ನೆಲೆನಿಂತು, ಅಲ್ಲಿಗೂ ಜರ್ಮನ್ ಸೈನ್ಯ ಬಂದಾಗ 1940ರಲ್ಲಿ ಅಮೆರಿಕ ಸೇರಿದರು. 1941ರಲ್ಲಿ ಪ್ರವಾಹಗಳು ಎಷ್ಟು ವರ್ಷಕ್ಕೊಮ್ಮೆ ಮರಳಿ ಬರುತ್ತವೆ ಎಂಬ ಬಗ್ಗೆ ಅವರ ಪ್ರಸಿದ್ಧ ಲೇಖನ ಬಂತು, 1958ರಲ್ಲಿ ಅತಿಗಳ ಸಂಖ್ಯಾಶಾಸ್ತ್ರದ ಮೇಲೆ ದೊಡ್ಡ ಗ್ರಂಥ. ಯಾರೂ ನೋಡಬಾರದೆಂದು ಮುಚ್ಚಿಟ್ಟ ಅಂಕಿಯನ್ನು ಪಟ್ಟಿಗೆ ಸೇರಿಸುವ ಹಟ ಅವರಲ್ಲಿ ಮೊದಲಿನಿಂದಲೂ ಇತ್ತೆಂದು ನನಗೆ ತೋರುತ್ತದೆ.

ಅವರ ವಿಧಾನ ಹೇಳಿದರೆ ಇಷ್ಟೇ ಏನು ಎನ್ನುತ್ತೀರಿ. ಒಂದೂರಿನ ಮಳೆ ಪುಸ್ತಕ ತೆಗೆದುಕೊಳ್ಳಿ. ವರ್ಷಕ್ಕೆ ಒಂದೇ ಅಂಕಿ ಸಾಕು, ಆ ವರ್ಷ ಒಂದು ದಿನದಲ್ಲಿ ಬಿದ್ದ ಅತಿ ಹೆಚ್ಚಿನ ಮಳೆ. 30 ವರ್ಷಕ್ಕೆ 30 ಅಂಕಿ ಆಯಿತು. ಅವನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರೆಯಿರಿ. ವರ್ಷಗಳ ಸಂಖ್ಯೆಗೆ ಒಂದು ಕೂಡಿಸಿ, ಸಾಲಿನ ಸ್ಥಾನದಿಂದ ಭಾಗಿಸಿ. ಎಲ್ಲಕ್ಕಿಂತ ದೊಡ್ಡ ಮಳೆಗೆ 31 ವರ್ಷ, ಎರಡನೆಯದಕ್ಕೆ ಹದಿನೈದೂವರೆ, ಮೂರನೆಯದಕ್ಕೆ ಹತ್ತು ವರ್ಷ ಚಿಲ್ಲರೆ. ಅದೇ ಆ ಮಳೆ ಮರಳಿ ಬರುವ ಅವಧಿ. ಇವನ್ನು ಗುಂಬೆಲ್ ನಿಯಮಕ್ಕೆ ತಕ್ಕಂತೆ ಗೆರೆ ಎಳೆದ ಒಂದು ವಿಶೇಷ ಕಾಗದದ ಮೇಲೆ ಚುಕ್ಕೆ ಇಟ್ಟರೆ ಹೆಚ್ಚುಕಡಿಮೆ ಒಂದು ನೇರ ಗೆರೆಯಲ್ಲಿ ಕೂರುತ್ತವೆ. ಗೆರೆಯನ್ನು ಮುಂದಕ್ಕೆ ಎಳೆದರೆ 50 ವರ್ಷದ ಮಳೆ, 100 ವರ್ಷದ ಮಳೆ ಎಷ್ಟೆಂದು ಓದಿಕೊಳ್ಳಬಹುದು. ಸೇತುವೆಯ ಕಮಾನು, ಮೋರಿಯ ಅಗಲ, ಸಣ್ಣ ಅಣೆಕಟ್ಟಿನ ಕೋಡಿ ಎಲ್ಲಕ್ಕೂ ಇಂಥ ಲೆಕ್ಕವೇ ಆಧಾರ. ಈಗ ಕಂಪ್ಯೂಟರು ಮಾಡುತ್ತದೆ, ಇನ್ನೂ ಸೂಕ್ಷ್ಮವಾದ ಸೂತ್ರಗಳೂ ಬಂದಿವೆ, ಆದರೆ ಒಳಗಿನ ಹೂರಣ ಅದೇ.

ನೇರ ಗೆರೆಯ ಕೊನೆಯನ್ನು ಮೇಲಕ್ಕೆ ಎತ್ತುವುದೂ ಕೆಳಕ್ಕೆ ಇಳಿಸುವುದೂ ಆ ತುದಿಯ ಒಂದೆರಡು ಚುಕ್ಕೆಗಳು. ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಹೆಚ್ಚಾಗಿ ನಮ್ಮ ಅಪ್ಪನಿಂದ ಕಲಿತೆ.

ಮೂಸಿ ಹುಟ್ಟುವುದು ವಿಕಾರಾಬಾದಿನ ಅನಂತಗಿರಿ ಗುಡ್ಡಗಳಲ್ಲಿ. ಅದೇ ಗುಡ್ಡಗಳ ಕಡೆಯಿಂದಲೇ ಪಶ್ಚಿಮಕ್ಕೆ ಹರಿದು ಬರುವುದು ನಮ್ಮ ಕಾಗಿಣಾ. ಗುಡ್ಡದ ಆ ಮಗ್ಗುಲಿಗೆ ಬಿದ್ದ ಹನಿ ಹೈದರಾಬಾದಿಗೆ, ಈ ಮಗ್ಗುಲಿಗೆ ಬಿದ್ದದ್ದು ನಮ್ಮ ಜಿಲ್ಲೆಗೆ ಬಂದು ಭೀಮೆಗೆ. ಕಾಗಿಣಾ ದಂಡೆಯ ಒಂದು ಊರಿನ ಕಚೇರಿಯಲ್ಲಿ ಅಪ್ಪ ಗುಮಾಸ್ತರು. ಕಚೇರಿಯ ಅಂಗಳದಲ್ಲಿ ಮಳೆಮಾಪಕ ಇತ್ತು, ಅದರ ಪುಸ್ತಕ ಅವರ ಸುಪರ್ದಿ. ನೆಲದಿಂದ ಒಂದಡಿ ಎತ್ತರಕ್ಕೆ ಬಾಯಿ, ಆ ಬಾಯಿಯ ಅಗಲ ಐದು ಇಂಚು, ಒಳಗೊಂದು ಬಾಟಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಗಾಜಿನ ಅಳತೆ ಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ಮೊದಲು ಇಂಚು ಮತ್ತು ಸೆಂಟ್ಸ್, ಆಮೇಲೆ ಮಿಲಿಮೀಟರು. ಭಾನುವಾರವೂ ಬಿಡುವಿಲ್ಲ. ಹಬ್ಬದ ದಿನ ಎಣ್ಣೆ ಹಚ್ಚಿಕೊಂಡವರು ಹಾಗೇ ಪಂಚೆ ಸುತ್ತಿಕೊಂಡು ಓಡುತ್ತಿದ್ದರು. ಮಳೆ ಇಲ್ಲದ ದಿನ ಸೊನ್ನೆ ಬರೆಯಬೇಕು. ನೋಡಲು ಆಗದ ದಿನ ಸೊನ್ನೆ ಬರೆಯಕೂಡದು, ಗೀಟು ಎಳೆಯಬೇಕು. ಆ ವ್ಯತ್ಯಾಸವನ್ನು ಅಪ್ಪ ನಮಗೆ ಮಗ್ಗಿ ಕಲಿಸುವಷ್ಟೇ ಶ್ರದ್ಧೆಯಿಂದ ಕಲಿಸಿದ್ದರು.

ನಾನು ಸಣ್ಣವಳಿದ್ದಾಗ ಒಂದು ಮಳೆಗಾಲದ ರಾತ್ರಿ ಕಾಗಿಣಾ ಊರೊಳಗೆ ಬಂತು. ಬೆಳಿಗ್ಗೆ ಅಪ್ಪ ಮೊಣಕಾಲುದ್ದದ ನೀರಿನಲ್ಲಿ ಕಚೇರಿಗೆ ಹೋಗಿ ನೋಡಿದರೆ ಮಾಪಕ ಕಾಣುವುದೇ ಇಲ್ಲ, ಅಂಗಳವೇ ಹೊಳೆಯಾಗಿದೆ. ಅವರು ಆ ದಿನದ ಕಾಲಮಿನಲ್ಲಿ ಗೀಟು ಎಳೆದು, ಪಕ್ಕದಲ್ಲಿ 'ಮಾಪಕ ಮುಳುಗಿದೆ, ಮಳೆ ವಿಪರೀತ' ಎಂದು ಬರೆದರು. ಎಷ್ಟೋ ವರ್ಷದ ಮೇಲೆ ನನ್ನ ಒಬ್ಬ ವಿದ್ಯಾರ್ಥಿನಿ ಪ್ರಾಜೆಕ್ಟಿಗೆಂದು ನಮ್ಮೂರಿನ ಮಳೆ ಅಂಕಿಗಳ ಟೈಪು ಮಾಡಿದ ಪ್ರತಿ ತಂದಳು. ನಾನು ಕುತೂಹಲದಿಂದ ಆ ತಾರೀಖು ಹುಡುಕಿದೆ. ಅಲ್ಲಿ 0.0 ಎಂದಿತ್ತು. ನಡುವೆ ಯಾವುದೋ ಮೇಜಿನ ಮೇಲೆ, ಯಾರದೋ ಕೈಯಲ್ಲಿ, ಗೀಟು ಸೊನ್ನೆಯಾಗಿತ್ತು. ಮೂವತ್ತು ಅಂಕಿಗಳ ಸಾಲಿನಲ್ಲಿ ಬಹುಶಃ ಎಲ್ಲಕ್ಕಿಂತ ಮೇಲೆ ಕೂರಬೇಕಿದ್ದ ಮಳೆ, ಬೇಸಿಗೆಯ ಒಣ ದಿನದಂತೆ ಕೂತಿತ್ತು. ಆ ಪಟ್ಟಿಯಿಂದ ಗೆರೆ ಎಳೆದರೆ ನೂರು ವರ್ಷದ ಮಳೆ ಎಷ್ಟು ಚಿಕ್ಕದಾಗಿ ಬಂದೀತು, ಆ ಅಳತೆಗೆ ಕಟ್ಟಿದ ಮೋರಿ ಎಷ್ಟು ಇಕ್ಕಟ್ಟಾದೀತು!

ಅಪ್ಪನಿಗೆ ಆಗ ಎಂಬತ್ತರ ಹತ್ತಿರ. ಹೇಳಬಾರದಿತ್ತೇನೋ, ಹೇಳಿಬಿಟ್ಟೆ. ಬಹಳ ಹೊತ್ತು ಸುಮ್ಮನಿದ್ದು, "ನಾ ಸೊನ್ನೆ ಬರೆದಿಲ್ಲವ್ವ. ಸೊನ್ನೆ ಬ್ಯಾರೆ, ಗೀಟು ಬ್ಯಾರೆ" ಎಂದರು. ಆಮೇಲೆ ಒಂದು ವಾರ ಅದೇ ಮಾತು, ಊಟಕ್ಕೆ ಕೂತರೂ ಅದೇ.

ಇನ್ನು ಚಹಾ ಕುಡಿದ ಕತೆ. 2000ದ ಆಗಸ್ಟ್ 24ರಂದು ಹೈದರಾಬಾದಿನ ಬೇಗಂಪೇಟೆಯಲ್ಲಿ ಒಂದೇ ದಿನ 24 ಸೆಂಟಿಮೀಟರು ಮಳೆ ಬಿತ್ತು. ಮರು ವರ್ಷ ನನ್ನ ತಂಗಿ ಮತ್ತು ಅವಳ ಗಂಡ ನಗರದ ದಕ್ಷಿಣ ಭಾಗದಲ್ಲಿ, ಹಳೆಯ ಕೆರೆಯೊಂದರ ಏರಿಯ ಕೆಳಗೆ, ಅಗ್ಗಕ್ಕೆ ಸಿಕ್ಕ ಒಂದು ಸೈಟು ನೋಡಿದರು. 20 ವರ್ಷದ ಕಂತಿನ ಸಾಲ. ತಂಗಿಗೆ ಒಳಗೊಳಗೇ ಅಳುಕು. "ಅಕ್ಕಾ, ನೀ ಲೆಕ್ಕದಾಕಿ, ನೀನ ಹೇಳು" ಎಂದಳು. ಅವಳ ಗಂಡ ನಕ್ಕು, "ಹೋದ ವರ್ಷನೇ ದೊಡ್ಡ ಮಳೆ ಬಂದು ಹೋಗ್ಯಾದ ಅಕ್ಕಾ. ಅಂಥಾದ್ದು ನೂರು ವರ್ಷಕ್ಕೊಮ್ಮೆ ಅಂತ ಮಾರೋರೂ ಹೇಳ್ಯಾರ. ಇನ್ನ ನಮ್ಮ ಮಕ್ಕಳ ಕಾಲಕ್ಕೂ ಬರಂಗಿಲ್ಲ. ಹೌದಲ್ರೀ?" ಎಂದರು. ನಾನು "ಸರಾಸರಿ ಲೆಕ್ಕ ಹಂಗೇ" ಎಂದು ಚಹಾದ ಬಟ್ಟಲು ಎತ್ತಿಕೊಂಡೆ. ಅವರ ಮನೆಯ ವಿಷಯದಲ್ಲಿ ನಾನೇಕೆ ಬಾಯಿ ಹಾಕಲಿ ಎಂಬ ಸಂಕೋಚ. ಅಳಿಯನಾದವನ ಮಾತಿಗೆ ಎದುರಾಡುವ ವಾಡಿಕೆಯೂ ನಮ್ಮ ಮನೆಯಲ್ಲಿ ಇರಲಿಲ್ಲ.

ಹೇಳಬೇಕಾಗಿದ್ದದ್ದು ಏನೆಂದರೆ, ನೂರು ವರ್ಷದ ಮಳೆ ಎಂದರೆ ಬಂದು ಹೋದ ಮೇಲೆ ನೂರು ವರ್ಷ ರಜೆ ಹಾಕುವ ಮಳೆ ಅಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಬರುವ ಸಂಭವ ಇರುವ ಮಳೆ. ಚೌಕಾಬಾರ ಆಡುವವರಿಗೆ ಇದು ತಾನಾಗಿ ಗೊತ್ತು. ಈಗ ತಾನೆ ಬಾರಾ ಬಿತ್ತು ಎಂದು ಕವಡೆಗೆ ನೆನಪಿರುವುದಿಲ್ಲ. ಮುಂದಿನ ಸಲವೂ ಬೀಳಬಹುದು. ಒಂದು ವರ್ಷಕ್ಕೆ ನೂರರಲ್ಲಿ ಒಂದು ಎಂದರೆ ಸಣ್ಣದಾಗಿ ಕಾಣುತ್ತದೆ. ಆದರೆ ಮನೆಯಲ್ಲಿ ನಾವು ಒಂದು ವರ್ಷ ಇರುವುದಿಲ್ಲವಲ್ಲ. 20 ವರ್ಷದ ಸಾಲ ತೀರುವುದರೊಳಗೆ ಅಂಥ ಮಳೆ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 18. 30 ವರ್ಷಕ್ಕೆ 26. 70 ವರ್ಷ ಬದುಕುವ ಹೆಂಗಸಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಅರ್ಧ. ಪೂರಾ ನೂರು ವರ್ಷ ಕಾದರೂ ಬಂದೇ ತೀರುತ್ತದೆ ಎಂದೇನಿಲ್ಲ, ನೂರಕ್ಕೆ 63. ಈ ನಾಲ್ಕು ಅಂಕಿಗಳನ್ನು ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆದು ಅಳಿಸುತ್ತಿದ್ದೆ. ತಂಗಿಯ ಅಡಿಗೆಮನೆಯಲ್ಲಿ ಹೇಳಲು ಐದು ನಿಮಿಷ ಹಿಡಿಯುತ್ತಿರಲಿಲ್ಲ.

2020ರ ಅಕ್ಟೋಬರ್ 13. ಬಂಗಾಳಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ಭೂಮಿಗೆ ಹತ್ತಿ, ತೆಲಂಗಾಣ ದಾಟಿ ನಮ್ಮ ಕಲಬುರ್ಗಿಯ ಕಡೆ ಬಂತು. ಬೇಗಂಪೇಟೆಯಲ್ಲಿ ಸುಮಾರು 19 ಸೆಂಟಿಮೀಟರು, ನಗರದ ಪೂರ್ವಕ್ಕಿರುವ ಘಟ್‌ಕೇಸರದ ಬಳಿ ಸುಮಾರು 32 ಸೆಂಟಿಮೀಟರು. ಇಲ್ಲಿ ನಮ್ಮ ಕಾಗಿಣಾ, ಭೀಮಾ ಎರಡೂ ಉಕ್ಕಿದವು. ಅಲ್ಲಿ ತಂಗಿಯ ಮನೆಯ ಮೇಲಿನ ಕೆರೆ ಕೋಡಿ ಹರಿದು ರಾತ್ರಿ ಹತ್ತಕ್ಕೆ ಹೊಸ್ತಿಲು ದಾಟಿತು. ಗಂಡ ಹೆಂಡತಿ ವಯಸ್ಸಾದ ಅತ್ತೆಯನ್ನು ಕುರ್ಚಿ ಸಮೇತ ಎತ್ತಿಕೊಂಡು ಮಹಡಿ ಮೆಟ್ಟಿಲು ಹತ್ತಿದರು. ಅಡಿಗೆಮನೆ, ದೇವರ ಮನೆ, ಮಕ್ಕಳ ಸರ್ಟಿಫಿಕೇಟು, ಅಜ್ಜಿಯ ಒಂದೇ ಒಂದು ಫೋಟೊ ಹೋದವು. ಜೀವಕ್ಕೇನೂ ಆಗಲಿಲ್ಲ. ಅದೇ ರಾತ್ರಿ ಆ ಊರಿನಲ್ಲಿ ಎಷ್ಟೋ ಮನೆಗಳಿಗೆ ಹಾಗೆ ಹೇಳಿಕೊಳ್ಳುವ ಭಾಗ್ಯ ಇರಲಿಲ್ಲ. ಸಾಲದ ಕಂತು ಇನ್ನೂ ಒಂದು ವರ್ಷ ಬಾಕಿ ಇತ್ತು.

ಆ 32 ಸೆಂಟಿಮೀಟರು ಎಂಬ ಅಂಕಿ ನೋಡಿ ನಾನು ಬೆಚ್ಚಿದೆ. 1908ರ ಶಂಶಾಬಾದಿನ 12.8 ಇಂಚು ಎಂದರೂ ಅದೇ ಅಲ್ಲವೇ! ಹಾಗಾದರೆ 112 ವರ್ಷಕ್ಕೊಮ್ಮೆ ಎನ್ನೋಣವೇ? ಹಾಗೆ ಹೇಳಿದರೆ ಮತ್ತೆ ಅದೇ ತಪ್ಪು. ಎರಡೂ ಬೇರೆ ಬೇರೆ ಮಾಪಕಗಳು. 1908ರಲ್ಲಿ ಬೆರಳೆಣಿಕೆಯ ಮಾಪಕಗಳಿದ್ದವು, ಈಗ ನಗರದ ತುಂಬ ತಾವೇ ಅಳೆದು ಸುದ್ದಿ ಕಳಿಸುವ ಯಂತ್ರಗಳಿವೆ. ಬಲೆ ದೊಡ್ಡದಾದಷ್ಟೂ ದೊಡ್ಡ ಮೀನು ಸಿಗುತ್ತದೆ. ನಡುವಿನ ವರ್ಷಗಳಲ್ಲಿ ಅಂಥ ಎಷ್ಟು ಮಳೆ ಯಾವ ಮಾಪಕವೂ ಇಲ್ಲದ ಹೊಲದ ಮೇಲೆ ಬಿದ್ದು ಹೋದವೋ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಬಿದ್ದಾಗ ಅದೇ ಊರಿನ ಕೊಲಾಬಾದಲ್ಲಿ ಬಿದ್ದದ್ದು 73. ಕೊಲಾಬಾದ ಮಾಪಕ ಒಂದೇ ಇದ್ದಿದ್ದರೆ ಆ ದಿನ ಮುಂಬಯಿಯ ಮಳೆ ಪುಸ್ತಕದಲ್ಲಿ ಸಾಧಾರಣ ದಿನವಾಗುತ್ತಿತ್ತು. ಇನ್ನೊಂದು ಮಾತು: ಘಟ್‌ಕೇಸರ ಇರುವುದು ನಗರದ ಕೆಳಗೆ. ಶಂಶಾಬಾದ್ ಇರುವುದು ಮೇಲೆ. ಅದೇ ಮಳೆ ಆ ರಾತ್ರಿ ಶಂಶಾಬಾದಿನ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ನನಗೆ ಧೈರ್ಯ ಸಾಲದು. ಶಂಶಾಬಾದಿನಲ್ಲಿ 2008ರಿಂದ ವಿಮಾನ ನಿಲ್ದಾಣವಿದೆ. ವಿಶ್ವೇಶ್ವರಯ್ಯನವರು ಎಣಿಸಿದ 788 ಕೆರೆಗಳ ಆ ಸೀಮೆಯಲ್ಲಿ ಈಗ ಎಷ್ಟೋ ಕೆರೆಗಳ ಮೇಲೆ ಬಡಾವಣೆಗಳಿವೆ. ಎರಡು ಜಲಾಶಯಗಳ ಸುತ್ತ ಹತ್ತು ಕಿಲೋಮೀಟರು, 84 ಹಳ್ಳಿಗಳಲ್ಲಿ ಕಟ್ಟಡಗಳಿಗೆ 1996ರಲ್ಲಿ ಹಾಕಿದ್ದ ನಿರ್ಬಂಧವನ್ನು ತೆಗೆಯುವ ಆದೇಶ 2022ರಲ್ಲಿ ಹೊರಟಿತು. ಮಳೆ ಅಷ್ಟೇ ಬಿದ್ದರೂ ಕಾಂಕ್ರೀಟಿನ ಮೇಲೆ ಓಡುವ ನೀರು ಅಷ್ಟೇ ಇರುವುದಿಲ್ಲ.

ಮಳೆಯಾದರೂ ಅಷ್ಟೇ ಇದೆಯೇ? ಗುಂಬೆಲ್ ಗೆರೆಗೆ ಒಂದು ಷರತ್ತಿದೆ. ಕವಡೆ ಬದಲಾಗಬಾರದು. ಅಂದರೆ ಹಿಂದಿನ ಮೂವತ್ತು ವರ್ಷ ಮೋಡ ಹೇಗಿತ್ತೋ ಮುಂದೆಯೂ ಹಾಗೆಯೇ ಇರಬೇಕು. ಹವಾಮಾನ ವಿಜ್ಞಾನಿಗಳು 2006ರಲ್ಲಿ, ಮತ್ತೆ 2017ರಲ್ಲಿ ಮಧ್ಯ ಭಾರತದ ಮಳೆ ಲೆಕ್ಕ ನೋಡಿ ಅತಿ ಮಳೆಯ ಘಟನೆಗಳು ಹೆಚ್ಚುತ್ತಿವೆ ಎಂದರು. ಎರಡನೆಯ ಅಧ್ಯಯನದಲ್ಲಿ 1950ರಿಂದ 2015ರ ನಡುವೆ ವ್ಯಾಪಕವಾದ ಅತಿ ಮಳೆಗಳು ಮೂರು ಪಟ್ಟಾಗಿದ್ದವು. ನಿನ್ನೆಯ ಅಳತೆಯಿಂದ ಎಳೆದ ಗೆರೆ ನಾಳೆಗೆ ಗಿಡ್ಡವಾಗುತ್ತ ಹೋಗುತ್ತಿದೆ ಎಂದಾಯಿತು. ತಂಗಿಯ ಪ್ರಶ್ನೆಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ, ಇಪ್ಪತ್ತನಾಲ್ಕು ವರ್ಷ ತಡವಾಗಿ. ಅವಳು ಕೇಳಿಸಿಕೊಂಡು, "ಅವತ್ತ ಯಾಕ ಹೇಳಲಿಲ್ಲ?" ಎಂದಳು. ಸಿಟ್ಟಿನಿಂದ ಅಲ್ಲ, ಸುಮ್ಮನೆ ಕೇಳಿದಳು.

ದೀಪಾವಳಿಗೆ ಹೋಗಿದ್ದೆ. ಮನೆಗೆ ಸುಣ್ಣಬಣ್ಣ ನಡೆದಿತ್ತು. ಅಡಿಗೆಮನೆಯ ಬಾಗಿಲ ಪಕ್ಕ ಗೋಡೆಯ ಮೇಲೆ ಪೆನ್ಸಿಲಿನ ಒಂದು ಗೀಟು, ಅದರ ಮಗ್ಗುಲಿಗೆ ತಂಗಿಯ ಗಂಡನ ಕೈಬರಹದಲ್ಲಿ '13-10-2020, ರಾತ್ರಿ 2'. ಬಣ್ಣದ ಹುಡುಗ ಅದರ ಮೇಲೆ ಬ್ರಶ್ ಎಳೆಯಲು ಹೋದ. ತಂಗಿ ಒಳಗಿಂದಲೇ ಕೂಗಿದಳು, "ಏ ತಮ್ಮಾ, ಅದೊಂದು ಬಿಟ್ಟು ಬಳಿಯೋ." ನಾನು ಹೊಲಿಗೆಯ ಟೇಪು ತಂದು ನೆಲದಿಂದ ಅಳೆದೆ. ಮೂರು ಅಡಿ ಏಳು ಇಂಚು. ಅವಳ ಗಂಡ ಟೇಪಿನ ಆ ತುದಿ ಹಿಡಿದುಕೊಂಡಿದ್ದರು. "ಬರಕೊಳ್ರಿ ಅಕ್ಕಾ" ಎಂದರು. ಡೈರಿಯಲ್ಲಿ ಬರೆದುಕೊಂಡೆ.